ಮೂರು ಕೋಣೆಗೆ ಒಂದೊಂದು ಪೊಟ್ಟಣ

ಅಕ್ಕ ಅವನಿಗೆ ಇಟ್ಟ ಅಡ್ಡಹೆಸರು ಪೊಟ್ಟಣ. ಅವಳು ಅಂಧ ಮಕ್ಕಳ ಶಾಲೆಯ ಟೀಚರು. ಅವಳಿಗಾಗಿ ಅವನು ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿಸುವ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ತುಣುಕೊಂದನ್ನು, ಬರೆದಿದ್ದ. ಬರೆದದ್ದು ಮೂರೇ ದಿನ. ಬೇರೆ ಕಂಪ್ಯೂಟರುಗಳಲ್ಲೂ ಕೂರುವಂತೆ ಅದನ್ನು ಪೊಟ್ಟಣ ಕಟ್ಟುವುದರಲ್ಲಿ ಮೂರು ವಾರ ಹಣ್ಣಾಗಿದ್ದ.

ಶಾಲೆಯ ಮೂರು ತರಗತಿಗಳಿಗೆ ಮೂವರು ದಾನಿಗಳು ಕೊಟ್ಟ ಮೂರು ಕಂಪ್ಯೂಟರುಗಳು, ಮೂರನ್ನೂ ನಡೆಸುವುದು ಬೇರೆ ಬೇರೆ ಬಗೆಯ ಲಿನಕ್ಸ್ ವ್ಯವಸ್ಥೆ. ಒಂದಕ್ಕೆ ಒಪ್ಪುವ ಪೊಟ್ಟಣವನ್ನು ಇನ್ನೊಂದು ಮೂಸಿಯೂ ನೋಡದು. ಜೊತೆಗೆ ಬೇಕಾದ ಇತರ ಲೈಬ್ರರಿಗಳಿಗೂ ಒಂದೊಂದರಲ್ಲಿ ಒಂದೊಂದು ಹೆಸರು: ಒಬ್ಬನೇ ಆಸಾಮಿ ಈ ಮನೆಗೆ ಚಿಕ್ಕಪ್ಪ, ಆ ಮನೆಗೆ ಸೋದರಮಾವ, ಮತ್ತೊಂದಕ್ಕೆ ಭಾವ. ಸಂಬಂಧ ತಪ್ಪಿ ಕರೆದರೆ ಬಾಗಿಲೇ ತೆರೆಯದು. ಊಟಕ್ಕೆ ಕೂತಾಗ ಅವನು ಮೂರೂ ಯಂತ್ರಗಳು ಗೊಣಗುವುದನ್ನು ಮೂಗಿನಲ್ಲಿ ಅನುಕರಿಸುತ್ತಿದ್ದ. ಅಕ್ಕ ಎದ್ದುಹೋದ ಮೇಲೆ ಅಕ್ಕನನ್ನೂ.

ಪರೀಕ್ಷೆಯ ದಿನ ಬಂತು; ಶುರುವಾಗುವುದು ಹತ್ತಕ್ಕೆ. ಈ ಸಲ ಪ್ರಶ್ನೆಪತ್ರಿಕೆಯನ್ನು ಯಾರೂ ಓದಿ ಹೇಳುವುದಿಲ್ಲ, ನೀವೇ ಓದಿಕೊಳ್ಳುತ್ತೀರಿ ಎಂದು ಅಕ್ಕ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಒಂಬತ್ತು ಗಂಟೆಗೆ ಮೂರು ಪೊಟ್ಟಣಗಳೂ ಮೂರು ಯಂತ್ರಗಳೊಳಗೆ ತಕರಾರಿಲ್ಲದೆ ಕೂತವು. ಕಾಗದದ ಮೇಲೆ ಚುಕ್ಕಿ ಕುಟ್ಟುವ ಪ್ರಿಂಟರಿನಿಂದ ಹಾಳೆಯೂ ಬಂತು. ಹೆಡ್‌ಮಾಸ್ತರಿಗೂ ಕಣ್ಣಿಲ್ಲ, ಅವರು ಹಾಳೆಯ ಮೇಲೆ ಬೆರಳಾಡಿಸಿದರು.

"ತುಂಬಾ ಸುಲಭದ ಪತ್ರಿಕೆ ಕಣಪ್ಪಾ. ಏನೂ ಕೇಳೇ ಇಲ್ಲ."

ಹಾಳೆ ನುಣ್ಣಗಿತ್ತು. ಅವನು ಅದನ್ನು ತಿರುಗಿಸಿ ನೋಡಿದ. "ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತಿತ್ತು ಸಾರ್."

"ಹಾಗಾದ್ರೆ ಮೂವತ್ತು ಮಕ್ಕಳನ್ನೂ ನಿನ್ನ ಲ್ಯಾಪ್‌ಟಾಪ್ ಮೇಲೇ ಕೂರಿಸ್ಲೇನೋ?" ಎಂದಳು ಅಕ್ಕ.

ಲ್ಯಾಪ್‌ಟಾಪ್ ತೆರೆದು ನೋಡಿದಾಗ ಅವನಿಗೆ ಹೊಳೆಯಿತು. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂಬ ಪಟ್ಟಿ ಅವನ ಸ್ವಂತ ಫೋಲ್ಡರಿನಲ್ಲೇ ಉಳಿದಿತ್ತು. ಲೈಬ್ರರಿ ಅದನ್ನು ಅಲ್ಲಿಂದಲೇ ಓದಿಕೊಳ್ಳುತ್ತಿದ್ದುದರಿಂದ ಮನೆಯಲ್ಲಿ ಎಲ್ಲವೂ ಸುಸೂತ್ರ. ಮೂರು ವಾರ ಸುತ್ತಿ, ಮಡಿಸಿ, ಮೂರು ಹೆಸರು ಬರೆದು ಕಟ್ಟಿದ ಪೊಟ್ಟಣಕ್ಕೆ ಸಾಮಾನು ಹಾಕುವುದನ್ನೇ ಮರೆತಿದ್ದ.

ಇನ್ನು ಬೇಕಾದದ್ದನ್ನಷ್ಟೇ ಆರಿಸುತ್ತ ಕೂರಲು ಹೊತ್ತಿರಲಿಲ್ಲ. ಇಡೀ ಫೋಲ್ಡರನ್ನೇ ಒಳಗೆ ಸುರಿದು, ಲೈಬ್ರರಿಗೆ ಹೊಸ ದಾರಿ ತೋರಿಸಿ, ಮೂರನ್ನೂ ಮತ್ತೆ ಕಟ್ಟಿದ. ಹತ್ತಕ್ಕೆ ಐದು ನಿಮಿಷ ಇರುವಾಗ ಮೂರೂ ಕೋಣೆಗಳಲ್ಲಿ ಪ್ರಿಂಟರುಗಳು ಟಕಟಕ ಕುಟ್ಟತೊಡಗಿದವು. ಟೀಚರುಗಳು ಹಾಳೆಗಳನ್ನು ಬಿಸಿಬಿಸಿಯಾಗಿಯೇ ಹಂಚಿದರು.

ಮೂರನೆಯ ಕೋಣೆಯಿಂದ ಕಿಸಕ್ಕೆಂದು ಒಂದು ನಗು, ಅದರ ಹಿಂದೆ ಹತ್ತು. ಹೆಡ್‌ಮಾಸ್ತರು ಅಲ್ಲಿಂದ ಒಂದು ಹಾಳೆ ತರಿಸಿ ಬೆರಳಿಟ್ಟು, ಗಂಭೀರವಾಗಿ ಓದಿದರು:

"ಅಕ್ಕ ಬಂದಳು, ಬಾಯಿ ಮುಚ್ಚು. ತಟ್ಟೆ ತೊಳೆದೆಯೇನೋ ಅಂತ ಈಗ ಕೇಳ್ತಾಳೆ."

ಅದು ಲೈಬ್ರರಿಯನ್ನು ಪರೀಕ್ಷಿಸಲು ಅವನು ಬರೆದಿಟ್ಟಿದ್ದ ಸಾಲು, ಅದೇ ಫೋಲ್ಡರಿನಲ್ಲಿತ್ತು. ಅವಸರದಲ್ಲಿ ಅವನೇ ಅದನ್ನೂ ಪ್ರಶ್ನೆಪತ್ರಿಕೆಯ ಜೊತೆಗೆ ಆ ಕೋಣೆಯ ಪ್ರಿಂಟರಿಗೆ ಕಳಿಸಿದ್ದ.

"ಇದಕ್ಕೆಷ್ಟು ಮಾರ್ಕ್ಸು ಟೀಚರೇ?" ಎಂದು ಕೇಳಿದರು ಹೆಡ್‌ಮಾಸ್ತರು.

ಅಕ್ಕ ಬಾಗಿಲಿಗೆ ಒರಗಿ ಮಕ್ಕಳ ನಗು ಕೇಳುತ್ತಿದ್ದಳು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಆಮೇಲೆ ತಮ್ಮನ ಕಡೆ ತಿರುಗಿದಳು. "ತೊಳೆದೆಯೇನೋ?"

ತೊಳೆದಿರಲಿಲ್ಲ.