ತನ್ನ ಸುತ್ತಿಗೆ ತನಗೆ ಹಗುರ

ಪಾತ್ರೆ ತಟ್ಟುವ ಅಣ್ಣತಮ್ಮಂದಿರು ಒಂದೇ ತಗಡಿನ ಶೆಡ್ಡಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೇ ಕೂತು ತಾಮ್ರ ಬಡಿದವರು. ಈಚೆಗೆ ಮಾತ್ರ ಇಬ್ಬರ ನಡುವೆ ಗೋಣಿಯ ಪರದೆಯೊಂದು ಬಂದಿತ್ತು. ಕಟ್ಟಿದವನು ಅಣ್ಣ. ತಮ್ಮ ಬೇಕೆಂದೇ ಜೋರಾಗಿ ಬಡಿಯುತ್ತಾನೆಂದು ಅವನ ಗುಮಾನಿ.

“ಮೆಲ್ಲಗೆ ಬಡಿಯೋ! ನನ್ನ ತಲೆ ಮೇಲೇ ಬಡಿದ ಹಾಗಿದೆ.”

“ನೀನೇನು ಹತ್ತಿ ಹಿಂಜ್ತಿದ್ದೀಯಾ ಅಣ್ಣ? ನಿನ್ನ ಏಟಿಗೆ ನನ್ನ ಹಲ್ಲು ಅಲ್ಲಾಡ್ತಿದೆ!”

“ನನ್ನದಾ? ನನ್ನ ಸುತ್ತಿಗೆ ಸದ್ದು ನನಗೇ ಸರಿಯಾಗಿ ಕೇಳಲ್ಲ, ಅಷ್ಟು ಮೆತ್ತಗೆ!”

ಅಣ್ಣನ ಹೆಂಡತಿ ಬಾಗಿಲಲ್ಲೇ ನಿಂತು, “ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದವನ ತಟ್ಟೆ ನೊಣ ತೋರಿಸಿದನಂತೆ” ಎಂದಳು. ಅಂದೇ ಹೋಗಿ ಆರೋಗ್ಯ ಕಾರ್ಯಕರ್ತೆಯನ್ನು ಕರೆತಂದಳು. ಮನೆಮನೆಗೂ ಹೋಗಿ ಕಿವಿಯ ಬಗ್ಗೆಯೇ ಮಾತಾಡುವ ಆಕೆಗೆ ಬೀದಿಯವರು ಇಟ್ಟ ಹೆಸರು ಕಿವಿಯಕ್ಕ.

ಕಿವಿಯಕ್ಕ ಚೀಲದಿಂದ ಸದ್ದು ತಡೆಯುವ ಎರಡು ಜೊತೆ ಕಿವಿಮುಚ್ಚಳ ತೆಗೆದಳು. ಅಣ್ಣ ಮುಖ ತಿರುಗಿಸಿದ.

“ಮೊದಲು ಅವನಿಗೆ ಬುದ್ಧಿ ಹೇಳಮ್ಮ. ನನ್ನ ಸುತ್ತಿಗೆ ನನಗೇನು ಮಾಡುತ್ತೆ?”

“ಆಗಲಿ ಅಣ್ಣ. ನಿಮ್ಮ ಕಂಕುಳಿಗೆ ನೀವೇ ಒಂದು ಸಲ ಕಚಗುಳಿ ಇಟ್ಕೊಳ್ಳಿ, ನೋಡೋಣ.”

ಇದೇನು ಹುಚ್ಚು ಎಂದುಕೊಳ್ಳುತ್ತಲೇ ಅಣ್ಣ ಇಟ್ಟುಕೊಂಡ. ನಗು ಬರಲಿಲ್ಲ. ಇನ್ನೊಂದು ಕಂಕುಳಲ್ಲೂ ನೋಡಿದ. ಊಹೂಂ. ಹೆಂಡತಿ ಒಂದು ಬೆರಳು ಮುಂದೆ ತಂದಳೋ ಇಲ್ಲವೋ, ಸ್ಟೂಲಿನಿಂದ ಹಾರಿ ಎದ್ದ.

“ಅರೆ! ಇದ್ಯಾಕೆ ಹೀಗೆ?” ಈಗ ಅವನಿಗೂ ಕುತೂಹಲ.

ತಾಮ್ರ ತೂಗುವ ತಕ್ಕಡಿ ಅಲ್ಲೇ ಇತ್ತು, ಮುಳ್ಳು ತಿರುಗುವಂಥದ್ದು. ಕಿವಿಯಕ್ಕ ಅದರ ಮೇಲೆ ಅಣ್ಣನ ಬೆರಳು ಇಡಿಸಿ, ಕಣ್ಣು ಮುಚ್ಚಿಸಿದಳು. ಆ ಬೆರಳನ್ನು ತಮ್ಮ ಒತ್ತಿದ. ಮುಳ್ಳು ಇನ್ನೂರು ಗ್ರಾಂ ತೋರಿಸಿತು. “ಈಗ ಅಷ್ಟೇ ಭಾರ ಅನಿಸೋ ಹಾಗೆ ನೀವೇ ಇನ್ನೊಂದು ಕೈಯಿಂದ ಒತ್ತಿ.” ಅಣ್ಣ ಅಳೆದು ಸುರಿದು ಒತ್ತಿ, “ಸರಿಯಾಗಿ ಇಷ್ಟೇ” ಎಂದ. ಕಣ್ಣು ಬಿಟ್ಟರೆ ಮುಳ್ಳು ಮುನ್ನೂರು ದಾಟಿತ್ತು. ತಕ್ಕಡಿಯೇ ಕೆಟ್ಟಿದೆ ಎಂದು ಮತ್ತೆ ಒತ್ತಿ ನೋಡಿದ. ಮತ್ತೂ ಅದೇ ಕಥೆ. ತಮ್ಮ ಒತ್ತಿಕೊಂಡು ನೋಡಿದಾಗಲೂ ಅಷ್ಟೇ.

ಕಿವಿಯಕ್ಕ ಹೇಳಿದಳು: “ಕೈಗೆ ‘ಏಳು’ ಅಂತ ಅಪ್ಪಣೆ ಕೊಡೋವಾಗಲೇ ಮೆದುಳು ಒಳಗೊಳಗೇ ಇನ್ನೊಂದು ಸುದ್ದಿ ಮುಟ್ಟಿಸುತ್ತೆ, ‘ಈಗ ಬರೋದು ನಮ್ಮದೇ ಕೆಲಸ, ಗಾಬರಿ ಬೇಡ’ ಅಂತ. ಅದಕ್ಕೇ ನಾವೇ ಮುಟ್ಟಿಕೊಂಡದ್ದು, ನಮ್ಮ ಏಟು, ನಮ್ಮ ಸದ್ದು ನಮಗೆ ಹಗುರ. ಪಕ್ಕದವರದ್ದಕ್ಕೆ ಆ ಸುದ್ದಿ ಮೊದಲೇ ಬರಲ್ಲ.”

“ಹಾಗಾದ್ರೆ ನಾವಿಬ್ರೂ ಸುಳ್ಳು ಹೇಳ್ತಿರಲಿಲ್ಲ” ಎಂದ ತಮ್ಮ.

“ಮೆದುಳು ನಮಗೆ ಒಳ್ಳೇದನ್ನೇ ಮಾಡ್ತಿದೆಯಲ್ಲಮ್ಮ?” ಎಂದ ಅಣ್ಣ.

“ಒಳ್ಳೇದೇ. ಇಲ್ಲದಿದ್ರೆ ನಮ್ಮ ಹೆಜ್ಜೆ ಸದ್ದಿಗೆ ನಾವೇ ಬೆಚ್ಚಿಬೀಳ್ತಿದ್ವಿ. ಆದ್ರೆ ಮೆದುಳು ತಗ್ಗಿಸೋದು ಸದ್ದು ನಮಗೆ ಎಷ್ಟು ಅನಿಸುತ್ತೋ ಅದನ್ನ ಮಾತ್ರ. ಕಿವಿಗೆ ಬೀಳೋ ಪೆಟ್ಟು ಪೂರ್ತಿ ಬಿದ್ದೇ ಬೀಳುತ್ತೆ.”

ತಮ್ಮ ಎದ್ದು ಎರಡು ಪಾತ್ರೆ ತೆಗೆದುಕೊಂಡು ಪರದೆಯ ಹಿಂದೆ ಹೋದ. ಮುಗಿದ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವರ ಕಸುಬಿನ ಪದ್ಧತಿ. ಗಟ್ಟಿ ಪಾತ್ರೆ ಉದ್ದಕ್ಕೆ ಮೊಳಗುತ್ತದೆ, ಬಿರುಕಿದ್ದರೆ ಸಣ್ಣಗೆ ಝರ್ರೆನ್ನುತ್ತದೆ. ಆ ಬೀದಿಯಲ್ಲಿ ಅಣ್ಣ ತಟ್ಟಿ ಒಪ್ಪಿದನೆಂದರೆ ಅದೇ ಕೊನೆಯ ಮಾತು.

ತಮ್ಮ ಒಂದನ್ನು ತಟ್ಟಿದ, ಮತ್ತೊಂದನ್ನು ತಟ್ಟಿದ. “ಯಾವುದು ಬಿರುಕು ಅಣ್ಣ?”

“ಎರಡೂ ಗಟ್ಟಿ.”

ಸುತ್ತಿಗೆ ಹಿಡಿದೇ ಗೊತ್ತಿಲ್ಲದ ಹೆಂಡತಿ ಮೆಲ್ಲಗೆ ಹೇಳಿದಳು: “ಎರಡನೇದು ಒಡಕು ರೀ.”

ಅಣ್ಣನ ಮುಖ ಕಪ್ಪಿಟ್ಟಿತು. ಪರದೆಯಾಚೆಯಿಂದಲೇ ತಮ್ಮ ಹೇಳಿದ, “ಆರು ತಿಂಗಳಿಂದ ನೀನು ಒಪ್ಪಿದ್ದನ್ನೆಲ್ಲ ನಾನು ಇನ್ನೊಂದು ಸಲ ತಟ್ಟಿ ನೋಡ್ತಿದ್ದೆ. ನಿನ್ನ ಮುಖ ನೋಡಿ ಹೇಳೋಕೆ ಬಾಯೇ ಬರಲಿಲ್ಲ.”

ಅಣ್ಣನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಬೈದದ್ದಕ್ಕೆಲ್ಲ ಈ ಹುಡುಗ ಎದುರು ಬೈದಿದ್ದ ನಿಜ, ಆದರೆ ಅಣ್ಣನ ಮಾನ ಕಾದಿದ್ದ.

“ಹೋದ ಕಿವಿ ಬರುತ್ತಾ ತಾಯಿ?”

“ಸದ್ದಿಗೆ ಹೀಗೆ ಸವೆದು ಹೋದದ್ದು ಬರಲ್ಲ ಅಣ್ಣ. ಉಳಿದದ್ದನ್ನ ಉಳಿಸ್ಕೋಬಹುದು. ನಾಳೆ ಇಬ್ಬರೂ ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡಿಸೋಣ.”

ಅಣ್ಣ ಎದ್ದು ಗೋಣಿಯ ಪರದೆಯನ್ನು ಕಿತ್ತು ಮೂಲೆಗೆ ಎಸೆದ. ಕಿವಿಮುಚ್ಚಳ ಎತ್ತಿಕೊಂಡು, ತಾನು ಹಾಕಿಕೊಳ್ಳುವ ಮೊದಲು ತಮ್ಮನ ಕಿವಿಗೆ ಹಾಕಿದ.

“ಮೊದಲು ನೀನು ಹಾಕ್ಕೋ. ಈ ಶೆಡ್ಡಿಗೆ ಒಂದು ಜೊತೆ ಕಿವಿಯಾದ್ರೂ ಗಟ್ಟಿ ಇರಲಿ.”

ಆಮೇಲೆ ತಾನೂ ಹಾಕಿಕೊಂಡ. ಅಂದಿನಿಂದ ಪಾತ್ರೆ ತಟ್ಟಿ ಒಪ್ಪುವವನು ತಮ್ಮ. ಅಣ್ಣ ಪಕ್ಕದಲ್ಲಿ ನಿಂತು, ಗಟ್ಟಿಯೋ ಒಡಕೋ ಎಂದು ಅವನ ಮುಖವನ್ನೇ ನೋಡುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಸುತ್ತಿಗೆ ಹಿಡಿಯುವವರೋ, ಗಿರಣಿ ನಡೆಸುವವರೋ, ಮರ ಕೊಯ್ಯುವವರೋ? “ನನ್ನ ಸದ್ದು ನನಗೇನೂ ಅನಿಸಲ್ಲ” ಎಂದು ಸುಮ್ಮನಿರಬೇಡಿ. ನಿಮಗೆ ಅನಿಸದಿದ್ದರೂ ನಿಮ್ಮ ಕಿವಿ ಪೆಟ್ಟು ತಿನ್ನುತ್ತಿರುತ್ತದೆ. ಕೆಲಸಕ್ಕೆ ಕೂರುವ ಮೊದಲು ಕಿವಿ ಮುಚ್ಚಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಸದ್ದು ಜೋರಾಯಿತೆಂದು ಪಕ್ಕದವರು ಹೇಳಿದರೆ ಜಗಳಕ್ಕೆ ನಿಲ್ಲಬೇಡಿ, ನಂಬಿ. ನಿಮ್ಮ ಸದ್ದು ನಿಜವಾಗಿ ಎಷ್ಟೆಂದು ಗೊತ್ತಿರುವುದು ಅವರಿಗೇ.