ಟಿವಿಯಲ್ಲಿ ಬಂದುಹೋದ ಚಿಕ್ಕಪ್ಪ

ನಮ್ಮ ಮನೆಗೆ ಟಿವಿ ಬಂದದ್ದು ಚಿಕ್ಕಪ್ಪ ಹೋದಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯವರು ಆಮೇಲೆ ಎರಡನ್ನೂ ಕಲಸಿ ತಮಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡರು. ಚಿಕ್ಕಪ್ಪನೆಂದರೆ ಅಮ್ಮನ ತಂಗಿಯ ಗಂಡ. ದೊಡ್ಡ ಹಡಗುಗಳನ್ನು ಬಂದರಿನೊಳಕ್ಕೆ ಎಳೆದು ತರುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಒಂದು ದಿನ ಬೆಳಿಗ್ಗೆ ಮಂಜಿನಲ್ಲಿ ಹೊರಟ ದೋಣಿ ತಿರುಗಿ ಬರಲಿಲ್ಲ. ಉಳಿದವರ ದೇಹಗಳು ಒಂದೊಂದಾಗಿ ದಡಕ್ಕೆ ಬಂದವು. ಚಿಕ್ಕಪ್ಪನದು ಬರಲಿಲ್ಲ. ಚಿಕ್ಕಮ್ಮ ಅತ್ತಳು, ಕಾದಳು, ಕೊನೆಗೆ ಬಾಡಿಗೆ ಮನೆ ಖಾಲಿ ಮಾಡಿ ನಮ್ಮ ಹಿಂದಿನ ಕೋಣೆಗೆ ಬಂದಳು. ಮಕ್ಕಳಿರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿಕೊಂಡಳು. ವರ್ಷ ಕಳೆಯುವ ಹೊತ್ತಿಗೆ ಅಷ್ಟಿಷ್ಟು ನಗುವುದಕ್ಕೂ ಶುರುಮಾಡಿದ್ದಳು.

ಆಗ ಅಪ್ಪ ಎಲ್ಲಿಂದಲೋ ಒಂದು ಹಳೆಯ ಟಿವಿ ಹೊತ್ತುಕೊಂಡು ಬಂದ. ನಾಲ್ಕು ಕಾಲಿನ ಮರದ ಪೆಟ್ಟಿಗೆ, ಮುಂದೆ ಎರಡು ಕಡೆಗೂ ಸರಿಯುವ ಬಾಗಿಲು, ಬಾಗಿಲಿಗೆ ಬೀಗ ಬೇರೆ. ಒಳಗಿನ ಕಪ್ಪುಬಿಳುಪು ಜನ ಓಡಿಹೋದಾರೆಂದು ಬೀಗವೋ ಏನೋ! ಗುಂಡಿ ತಿರುಗಿಸಿದರೆ ಮೊದಲು ಗುಂಯ್ ಎನ್ನುತ್ತಿತ್ತು, ಆಮೇಲೆ ಮಾತು ಬರುತ್ತಿತ್ತು, ಮುಖ ಬರಬೇಕಾದರೆ ಒಲೆಯ ಮೇಲಿನ ನೀರು ಕಾಯುವಷ್ಟು ಹೊತ್ತು ಬೇಕು. ಸಂಜೆಯಾದರೆ ಅರ್ಧ ಬೀದಿ ನಮ್ಮ ನೆಲದ ಮೇಲೆ. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಜಗಳವೇ. ಎದುರುಮನೆಯ ಅಜ್ಜಿ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟುಕೊಂಡು ಬರುತ್ತಿದ್ದಳು. ವಾರ್ತೆ ಓದುವವನು ತನ್ನನ್ನೇ ನೋಡುತ್ತಾನೆ, ಕೆಟ್ಟದಾಗಿ ಕಾಣಬಾರದು ಎನ್ನುವುದು ಅವಳ ಲೆಕ್ಕ. ಅವನು ನಮಸ್ಕಾರ ಎಂದರೆ ಇವಳೂ ಕೈ ಮುಗಿದು, "ಊಟ ಆಯ್ತೇನಪ್ಪಾ?" ಎನ್ನುತ್ತಿದ್ದಳು.

ನಾವು ನಗುತ್ತಿದ್ದೆವು, ನಿಜ. ಆದರೆ ನಾವೂ ಅಂಥ ಮಹಾ ಬುದ್ಧಿವಂತರೇನಲ್ಲ. ಪೆಟ್ಟಿಗೆಯಲ್ಲಿ ಕಾಣುವುದೆಲ್ಲ ಈ ಕ್ಷಣ ಎಲ್ಲೋ ನಡೆಯುತ್ತಿದೆ ಎಂದೇ ಇಡೀ ಬೀದಿಯ ನಂಬಿಕೆ. ಟಿವಿಯಲ್ಲಿ ಮಳೆ ಬಂದರೆ ಅಮ್ಮ ಹೊರಗೆ ಹೋಗಿ ಹರವಿದ ಬಟ್ಟೆ ತೆಗೆದದ್ದುಂಟು.

ನನಗೆ ಒಂದು ಕೆಲಸವಿತ್ತು. ಚಿತ್ರ ಮೇಲೆ ಕೆಳಗೆ ಓಡಲು ಶುರುವಾದರೆ ಪೆಟ್ಟಿಗೆಯ ಹಿಂದೆ ಹೋಗಿ ಅದರ ಪಕ್ಕೆಗೆ ಅಂಗೈಯಿಂದ ಒಂದು ಏಟು ಕೊಡಬೇಕು. ಅಪ್ಪ ಹೊಡೆದರೆ ಇದ್ದ ಚಿತ್ರವೂ ಹೋಗುತ್ತಿತ್ತು. ನಾನು ಹೊಡೆದರೆ ನಿಲ್ಲುತ್ತಿತ್ತು. ಬೀದಿಯಲ್ಲಿ ನನಗೆ ಅದರಿಂದ ಬಂದ ಮರ್ಯಾದೆ ಶಾಲೆಯಿಂದ ಯಾವತ್ತೂ ಬರಲಿಲ್ಲ.

ಆ ಸಂಜೆಯೂ ನಾನು ಪೆಟ್ಟಿಗೆಯ ಹಿಂದೆಯೇ ಇದ್ದೆ. ವಾರ್ತೆ ನಡೆಯುತ್ತಿತ್ತು. ಊರುಗಳಲ್ಲಿ ಜನ ಹೆಚ್ಚಾಗುತ್ತಿದ್ದಾರೆ, ಮನೆಗಳು ಸಾಲುತ್ತಿಲ್ಲ ಎಂದು ಏನೋ ಓದುತ್ತಿದ್ದ. ಚಿತ್ರ ಓಡಿತು, ನಾನು ಹೊಡೆದೆ, ನಿಂತಿತು. ಆಗಲೇ ಚಿಕ್ಕಮ್ಮ ಕಿರುಚಿದ್ದು.

"ಅವರು! ಅಲ್ಲಿ, ಅಲ್ಲಿ ನೋಡ್ರೋ, ಅವರು!"

ನಾನು ಮುಂದೆ ಓಡಿ ಬರುವಷ್ಟರಲ್ಲಿ ಪರದೆಯ ಮೇಲೆ ವಾರ್ತೆಯವನ ಬೋಳುತಲೆ ಮಾತ್ರ ಇತ್ತು. ಚಿಕ್ಕಮ್ಮ ಜನರನ್ನು ತುಳಿದುಕೊಂಡು ಹೋಗಿ ಗಾಜಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದಳು. ತುಂಬಾ ಜನ ನಡೆದು ಬರುತ್ತಿದ್ದರಂತೆ, ಅವರ ನಡುವೆ ಚಿಕ್ಕಪ್ಪ ಇದ್ದನಂತೆ. ಬೇರೆ ಯಾರಿಗೂ ಕಂಡಿರಲಿಲ್ಲ. ಜನಸಂದಣಿಯಲ್ಲಿ ಒಂದು ಮುಖವನ್ನು ಹುಡುಕುವವರಿಗಷ್ಟೇ ಅದು ಕಾಣುತ್ತದೆ, ಉಳಿದವರಿಗೆ ತಲೆಗಳು.

"ಭ್ರಮೆ ಕಣೆ. ಅವನ ಹಾಗೇ ಇರೋರು ಎಷ್ಟು ಜನ ಇಲ್ಲ!" ಎಂದಳು ಅಮ್ಮ.

"ನನ್ನ ಗಂಡನ ಗುರುತು ನಂಗಿಲ್ವೇನೆ ಅಕ್ಕ? ಬದುಕಿದಾರೆ. ಎಲ್ಲೋ ಇದಾರೆ."

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂತೋಷದಿಂದ ಕುಣಿಯಬೇಕಿತ್ತಲ್ಲ, ಯಾಕೆ ಹೀಗೆ ಮುಖ ಬಿಗಿದುಕೊಂಡು ಹೋದಳು ಎಂದು ನನಗೆ ಆಗಲೇ ಅನ್ನಿಸಿತ್ತು. ಕೇಳುವ ಧೈರ್ಯವಾಗಲಿಲ್ಲ.

ಅಂದಿನಿಂದ ನಮ್ಮ ಮನೆ ಮೊದಲಿನಂತೆ ಉಳಿಯಲಿಲ್ಲ. ದಿನವೂ ಸಂಜೆ ಚಿಕ್ಕಮ್ಮ ಪರದೆಯಿಂದ ಒಂದು ಮೊಳ ದೂರದಲ್ಲಿ ಕೂರುತ್ತಿದ್ದಳು. ಹಾಡು, ನಾಟಕ ಯಾವುದೂ ಅವಳಿಗೆ ಬೇಡ. ಆಟದ ಮೈದಾನ, ರೈಲು ನಿಲ್ದಾಣ, ಮೆರವಣಿಗೆ, ಎಲ್ಲಿ ಜನ ಸೇರಿದ್ದರೆ ಅಲ್ಲಿ ಅವಳ ಕಣ್ಣು. ಕಾರ್ಯಕ್ರಮ ಮುಗಿದು ಟಿವಿ ಆರಿಸಿದರೂ ಏಳುತ್ತಿರಲಿಲ್ಲ. ಆರಿಸಿದ ಮೇಲೆ ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿಯುತ್ತಿತ್ತು, ನಿಧಾನವಾಗಿ ಕುಗ್ಗುತ್ತಾ ಹೋಗುತ್ತಿತ್ತು. ಅದು ಪೂರ್ತಿ ಆರುವವರೆಗೆ ನೋಡಿ, ಬಾಗಿಲು ಸರಿಸಿ, ಬೀಗ ಹಾಕಿ ಏಳುವಳು. ಬೀದಿಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಎದುರುಮನೆ ಅಜ್ಜಿಯೂ ಬಿಟ್ಟಳು.

ನನಗಂತೂ ಆ ಕೋಣೆಯೆಂದರೆ ಭಯ ಹುಟ್ಟಿತು. ಚಿಕ್ಕಪ್ಪ ಆ ಪೆಟ್ಟಿಗೆಯೊಳಗೇ ಇದ್ದಾನೆ, ಜನರ ಹಿಂದೆ ಎಲ್ಲೋ ನಿಂತು ನಮ್ಮನ್ನು ನೋಡುತ್ತಾನೆ ಎನ್ನಿಸುತ್ತಿತ್ತು. ಶಾಲೆಯಿಂದ ಬಂದು ಒಬ್ಬಳೇ ಇದ್ದಾಗ ಒಮ್ಮೆ ಟಿವಿ ಹಾಕಿ, ಬೆಚ್ಚಗಿದ್ದ ಗಾಜಿನ ಹತ್ತಿರ ಕೈ ಒಯ್ದೆ. ತೋಳಿನ ರೋಮವೆಲ್ಲ ನೆಟ್ಟಗೆ ನಿಂತು ಗಾಜಿನ ಕಡೆ ಬಾಗಿತು, ಚಟಚಟ ಸದ್ದಾಯಿತು. ಅದು ಆ ಕಾಲದ ಟಿವಿಗಳ ಗುಣ ಎಂದು ಈಗ ಗೊತ್ತು. ಆವತ್ತು ಮಾತ್ರ ಚಿಕ್ಕಪ್ಪ ಒಳಗಿನಿಂದ ನನ್ನ ಕೈ ಹಿಡಿಯಲು ನೋಡಿದ ಎಂದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ್ದೆ.

ಟಿವಿ ಕೆಟ್ಟರೆ ಬರುತ್ತಿದ್ದವರನ್ನು ನಾವು ರಿಪೇರಿ ಮಾಮ ಎನ್ನುತ್ತಿದ್ದೆವು. ಒಂಟಿ ಮನುಷ್ಯ, ಮೃದು ಮಾತು. ಚಿಕ್ಕಮ್ಮನ ಮೇಲೆ ಅವರಿಗೆ ಮನಸ್ಸಿದೆ ಎನ್ನುವುದು ಟಿವಿ ಅಷ್ಟು ಸಲ ಕೆಡುವುದನ್ನು ನೋಡಿಯೇ ಅಮ್ಮನಿಗೆ ಗೊತ್ತಾಗಿತ್ತು. ಒಂದು ದಿನ ಅವರು ಪೆಟ್ಟಿಗೆಯ ಹಿಂದೆ ತಲೆ ಹುದುಗಿಸಿಕೊಂಡೇ ಕೇಳಿದರಂತೆ, ನನ್ನನ್ನು ಮದುವೆಯಾಗ್ತೀರಾ ಎಂದು. ಚಿಕ್ಕಮ್ಮ, "ನನ್ನ ಗಂಡ ಬದುಕಿದ್ದಾರೆ. ಅದನ್ನ ಸರಿಮಾಡಿ ಕೊಡಿ, ಸಾಕು" ಎಂದಳಂತೆ. ಅಮ್ಮ ತಲೆ ಚಚ್ಚಿಕೊಂಡಳು. ರಿಪೇರಿ ಮಾಮ ಆಮೇಲೂ ಎಷ್ಟೋ ವರ್ಷ ಬಂದರು, ಬೆಸುಗೆ ಹಾಕಿದರು, ಧೂಳು ಒರೆಸಿದರು. ತಮ್ಮ ದಾರಿಗೆ ಅಡ್ಡ ನಿಂತವನನ್ನು ತಾವೇ ಬದುಕಿಸಿಕೊಂಡು ಬಂದ ಪುಣ್ಯಾತ್ಮ. ಒಂದು ದಿನ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಕೇಳಿದೆವು.

ಕಾಲ ಎಲ್ಲರಿಗೂ ಉರುಳುವಂತೆ ನಮಗೂ ಉರುಳಿತು. ಅಪ್ಪ ಅಮ್ಮ ಹೋದರು. ಗೋಡೆಗೆ ಅಂಟಿಕೊಳ್ಳುವ ಚಪ್ಪಟೆ ಟಿವಿಗಳು ಬಂದವು. ನಾನು ಕಣ್ಣು ಪರೀಕ್ಷೆ ಕಲಿತು ಕನ್ನಡಕದ ಅಂಗಡಿ ಇಟ್ಟೆ. ಚಿಕ್ಕಮ್ಮ ನನ್ನ ಜೊತೆಗೇ ಇದ್ದಾಳೆ. ಈ ವರ್ಷ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಕಟ್ಟು ಬಿಚ್ಚಿದ ಮಾರನೆಯ ದಿನ ಅಂಗಡಿಗೆ ಬಂದು, ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ತೋರಿಸಿದಳು. ಆಮೇಲೆ ಕೇಳಿದಳು.

"ಹಳೇ ವಾರ್ತೆಗಳನ್ನೆಲ್ಲ ಟಿವಿಯೋರು ಇಟ್ಕೊಂಡಿರ್ತಾರಂತೆ, ಹೌದಾ?"

ನನಗೆ ರೇಗಿತು. "ಇನ್ನೂ ಬಿಟ್ಟಿಲ್ವಾ ಚಿಕ್ಕಮ್ಮ? ಇದ್ದರೂ ಮುದುಕ ಆಗಿರ್ತಾರೆ. ಹುಡುಕಿ ಏನು ಮಾಡ್ತೀಯಾ?"

"ಅವರನ್ನ ನೋಡೋಕಲ್ಲ ಕಣೆ." ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತಾ ಕೂತಳು. "ಆವತ್ತು ಅವರ ಪಕ್ಕದಲ್ಲಿ ಒಬ್ಬಳು ಇದ್ದಳು. ತೋಳು ಹಿಡ್ಕೊಂಡಿದ್ದಳು. ಅವರ ಹೆಗಲ ಮೇಲೆ ಮಗು. ನಾನು ಯಾರಿಗೂ ಹೇಳ್ಲಿಲ್ಲ, ನಿಮ್ಮಮ್ಮಂಗೂ ಹೇಳ್ಲಿಲ್ಲ. ಅವಳು ಆ ಕಡೆ ತಿರುಗಿದ್ದಳು, ಬೆನ್ನಷ್ಟೇ ಕಂಡಿದ್ದು. ಅವಳ ಮುಖ ಒಂದ್ಸಲ ನೋಡ್ಬೇಕು. ಆಮೇಲೆ ಸತ್ತರೂ ಆಯ್ತು."

ಗಂಡ ಬರುತ್ತಾನೆಂದು ಕಾದಿದ್ದಾಳೆ, ಹುಚ್ಚು ಪ್ರೀತಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇವಳು ತನ್ನನ್ನು ಬಿಟ್ಟುಹೋದವನ ಸಂಸಾರವನ್ನು ಹುಡುಕುತ್ತಾ ಕೂತಿದ್ದಳು, ಒಬ್ಬಳೇ, ಅಷ್ಟು ವರ್ಷ.

ಟಿವಿ ಕೇಂದ್ರಕ್ಕೆ ಫೋನು ಮಾಡಿದೆ. ಹಳೆಯ ಫಿಲಂ ನೋಡಿಕೊಳ್ಳುವ ಒಬ್ಬರು ಸಿಕ್ಕರು. ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ನಕ್ಕುಬಿಟ್ಟರು.

"ಅಯ್ಯೋ, ಆ ತುಂಡಾ ಮೇಡಂ? ಮಗು ಹೊತ್ಕೊಂಡು ಬರೋನು? ಹೊಸ ತುಂಡು ಸಿಗೋವರೆಗೂ ಅದನ್ನ ಲೆಕ್ಕವಿಲ್ಲದಷ್ಟು ಸಲ ಹಾಕಿದೀವಿ. ಆಗ ಫಿಲಂಗೆ ಬರ ಅಲ್ವಾ, 'ಜನ' ಅಂತ ತೋರಿಸ್ಬೇಕು ಅಂದ್ರೆ ಅದೇ ತುಂಡು. ಜನ ಜಾಸ್ತಿ ಆದ್ರೂ ಅದೇ, ರಜಾ ಬಂದ್ರೂ ಅದೇ. ಪೂರ್ತಿ ರೀಲು ಇದೆ, ಕಳಿಸ್ತೀನಿ ಬಿಡಿ."

ಅವರ ಮಾತಿನ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಮುಂದೆ ಮಾಡಿ, ಕಂಪ್ಯೂಟರಿನ ಮುಂದೆ ಇಬ್ಬರೂ ಕೂತೆವು. ಸದ್ದಿಲ್ಲದ ಫಿಲಂ. ದೊಡ್ಡ ಕಮಾನು, ಅದರ ಮೇಲೆ ಬಂದರಿನ ವಸ್ತುಪ್ರದರ್ಶನದ ಹೆಸರು. ಕಮಾನಿನ ಕೆಳಗಿಂದ ಜನ ಹೊರಗೆ ಬರುತ್ತಿದ್ದರು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. ಚಿಕ್ಕಪ್ಪ ಬಂದ. ನಿಜವಾಗಿ ಅವನೇ. ಉದ್ದ ಕೈಕಾಲು, ಪಕ್ಕಕ್ಕೆ ಬಾಚಿದ ಕೂದಲು. ಹೆಗಲ ಮೇಲಿನ ಮಗುವಿನ ಮುಖಕ್ಕೆ ಕಾಗದದ ಗಿರಿಗಿಟ್ಟಲೆಯೊಂದು ಅಡ್ಡವಾಗಿತ್ತು. ತೋಳು ಹಿಡಿದಿದ್ದ ಹೆಂಗಸು ಹಿಂದೆ ತಿರುಗಿ ಯಾರನ್ನೋ ನೋಡುತ್ತಿದ್ದಳು. ವಾರ್ತೆಯಲ್ಲಿ ಇಷ್ಟೇ ಬಂದಿದ್ದಿರಬೇಕು. ಇಲ್ಲಿ ಅವರು ಇನ್ನೂ ನಡೆದರು. ಹೆಂಗಸು ಮುಂದೆ ತಿರುಗಿದಳು. ಚಿಕ್ಕಪ್ಪ ಏನೋ ಅಂದ. ಅವಳು ಬಾಯ್ತುಂಬ ನಕ್ಕಳು. ಮಗು ಗಿರಿಗಿಟ್ಟಲೆಯನ್ನು ಕೆಳಗಿಳಿಸಿತು. ಮಗುವಿನ ಒಂದು ಕಣ್ಣಿಗೆ ಬಿಳಿ ಪಟ್ಟಿ ಅಂಟಿಸಿತ್ತು.

ಚಿಕ್ಕವಳಾಗಿದ್ದಾಗ ನನಗೆ ಮೆಳ್ಳೆಗಣ್ಣು. ಸೋಮಾರಿ ಕಣ್ಣಿಗೆ ಕೆಲಸ ಕಲಿಸಬೇಕೆಂದು ಡಾಕ್ಟರು ಒಳ್ಳೆಯ ಕಣ್ಣನ್ನು ಮುಚ್ಚಿಸಿದ್ದರು. ನನ್ನ ತಮ್ಮ ಹುಟ್ಟಿದ ವಾರ ನನ್ನನ್ನು ಚಿಕ್ಕಮ್ಮ ಚಿಕ್ಕಪ್ಪ ಎಲ್ಲೋ ಸುತ್ತಾಡಿಸಲು ಕರೆದುಕೊಂಡು ಹೋಗಿದ್ದರೆಂದು ಅಮ್ಮ ಹೇಳುತ್ತಿದ್ದಳು. ಆಗ ದೋಣಿ ಇನ್ನೂ ಮುಳುಗಿರಲಿಲ್ಲ.

ಚಿಕ್ಕಮ್ಮ ಮಗುವಿನ ಮುಖವನ್ನು ನೋಡಿರಲೇ ಇಲ್ಲ. ಅವಳ ಕಣ್ಣು ಆ ಹೆಂಗಸಿನ ಮುಖದ ಮೇಲೆ ನೆಟ್ಟಿತ್ತು.

"ಚೆನ್ನಾಗಿದ್ದಾಳೆ," ಎಂದಳು. "ನನಗಿಂತ ಎಷ್ಟೋ ಚೆನ್ನಾಗಿದ್ದಾಳೆ. ಹೋಗದೆ ಇನ್ನೇನು ಮಾಡ್ತಾರೆ!"

ಸುಮ್ಮನಿದ್ದುಬಿಡೋಣ ಅನ್ನಿಸಿತು. ನಾನು ಬಾಯಿ ಬಿಡದಿದ್ದರೆ ಚಿಕ್ಕಪ್ಪ ಮೋಸಗಾರನಾಗಿಯಾದರೂ ಬದುಕಿರುತ್ತಾನೆ. ಬಾಯಿ ಬಿಟ್ಟರೆ ಇವಳ ಕಾಯುವಿಕೆ, ಸಿಟ್ಟು, ಬೇಡವೆಂದು ಕಳಿಸಿದ ರಿಪೇರಿ ಮಾಮ, ಎಲ್ಲವೂ ಒಂದು ಹಳೆಯ ಫಿಲಂ ತುಂಡಿಗಾಗಿ ಹಾಳಾದದ್ದು ಎಂದಾಗುತ್ತದೆ. ಆದರೆ ಯಾರು ತಮ್ಮ ಬೆನ್ನನ್ನು ತಾವು ನೋಡಿರುತ್ತಾರೆ? ಯಾರು ತಾವು ನಗುವುದನ್ನು ದೂರದಿಂದ ನೋಡಿರುತ್ತಾರೆ? ತನ್ನದೇ ಮುಖದ ಎದುರು ಸೋತು ಕೂತಿದ್ದ ಅವಳನ್ನು ನನಗೆ ನೋಡಲಾಗಲಿಲ್ಲ.

"ಚಿಕ್ಕಮ್ಮ, ಆ ಮಗೂನ ನೋಡು. ಕಣ್ಣಿಗೆ ಪಟ್ಟಿ ಇದೆ. ಅದು ನಾನು."

ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆಯತ್ತ ತಿರುಗಿದಳು. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಹೆಂಗಸು ತಿರುಗಿದಳು, ನಕ್ಕಳು. ಚಿಕ್ಕಮ್ಮನ ಕೈ ತಾನಾಗಿಯೇ ತನ್ನ ಕೆನ್ನೆಗೆ ಹೋಯಿತು.

"ನಾನಾ?"

"ಹೂಂ."

"ಹಾಗಾದ್ರೆ ಅವರು ಆವತ್ತೇ, ದೋಣೀಲೇ..."

"ಹೂಂ ಚಿಕ್ಕಮ್ಮ."

ಅವಳು ಅಳಲಿಲ್ಲ. ನನಗೆ ಅಳು ಬಂತು, ತಡೆಯಲಾಗಲಿಲ್ಲ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳ ಮುಖದಲ್ಲಿ ಹೆದರಿಕೆ ಇತ್ತು.

"ದಿನಾ ಸಂಜೆ ಅಲ್ಲಿ ಕೂತು ಮನಸ್ಸಲ್ಲೇ ಶಾಪ ಹಾಕ್ತಿದ್ದೆ ಕಣೆ. ಅವಳಿಗೆ, ಆ ಮಗೂಗೂ. ಕಂದಮ್ಮ ಅಂತಾನೂ ನೋಡ್ಲಿಲ್ಲ. ಅದು ನೀನಾಗಿದ್ದೆ."

"ಬಿಡು, ನಂಗೇನೂ ಆಗಿಲ್ಲ."

"ಇರು, ಇರು." ಕಣ್ಣು ಮುಚ್ಚಿ, ನನ್ನ ತಲೆಯ ಮೇಲೆ ಕೈಯಿಟ್ಟು, ಆ ಮಗುವಿಗೆ ಅಂದದ್ದನ್ನೆಲ್ಲ ನೆನಪು ಮಾಡಿಕೊಂಡು ವಾಪಸ್ ತೆಗೆದುಕೊಂಡಳು. ಕಾಯಿಲೆ ಬೀಳಲಿ ಅಂದಿದ್ದೆ, ಬೇಡ. ವಿದ್ಯೆ ಹತ್ತದೇ ಹೋಗಲಿ ಅಂದಿದ್ದೆ, ಬೇಡ. ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಸುಸ್ತಾಗಿ ಕುರ್ಚಿಗೆ ಒರಗಿದಳು.

"ಅವಳಿಗೆ ಹಾಕಿದ್ದನ್ನೂ ವಾಪಸ್ ತಗೋ ಚಿಕ್ಕಮ್ಮ," ಎಂದೆ.

ಪರದೆಯ ಮೇಲೆ ನಗುತ್ತಾ ನಿಂತುಬಿಟ್ಟಿದ್ದ ಹೆಂಗಸನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಗಂಡ ನೀರುಪಾಲಾಗಲಿ ಅಂದಿದ್ದೆ. ಮಡಿಲು ಬರಿದಾಗಲಿ ಅಂದಿದ್ದೆ. ಕೊನೇತನಕ ಒಂಟಿಯಾಗಿ ಕೂತು ದಾರಿ ಕಾಯಲಿ ಅಂದಿದ್ದೆ," ಎಂದಳು. "ಎಲ್ಲಾ ಆಗೇ ಹೋಯ್ತಲ್ಲ ಮಗಾ. ಇನ್ನು ಯಾವುದನ್ನ ವಾಪಸ್ ತಗೊಳ್ಳಲಿ?"