ಉತ್ತರ ಬರೆಯದವರ ಡ್ರಾಯರು

ಪ್ರೊಫೆಸರರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಶೇಕಡಾ ಮೇಷ್ಟ್ರು ಎನ್ನುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ವರ್ಷ ಅವರು ಸೇರಿದಾಗ ಮಾನಸಿಕ ರೋಗಗಳ ವಿಭಾಗಕ್ಕೆ ಇದ್ದದ್ದು ಒಂದು ಕೋಣೆ, ಎರಡು ಮೇಜು. ಹನ್ನೊಂದು ವರ್ಷದಲ್ಲಿ ಅದು ಎರಡು ಮಹಡಿಯ ಕಟ್ಟಡವಾಯಿತು. ಉಪನ್ಯಾಸಕ, ರೀಡರ್, ಪ್ರೊಫೆಸರ್, ವಿಭಾಗದ ಮುಖ್ಯಸ್ಥ. ಹತ್ತಿದ ಮೆಟ್ಟಿಲಿಗೊಂದು ಪ್ರಬಂಧ, ಎಲ್ಲ ಪ್ರಬಂಧಗಳಲ್ಲೂ ಅದೇ ಅಂಕಿ: ನೂರಕ್ಕೆ ಎಪ್ಪತ್ತು ಮಂದಿಗೆ ಗುಣ.

ಚಿಕಿತ್ಸೆಯೆಂದರೆ, ರೋಗಿಗೆ ಬೆಳಿಗ್ಗೆ ಇನ್ಸುಲಿನ್ ಚುಚ್ಚಿ, ಮೈಯ ಸಕ್ಕರೆ ಇಳಿಸಿ ಎಚ್ಚರ ತಪ್ಪಿಸುವುದು. ಆಮೇಲೆ ಮೂಗಿನೊಳಗೆ ನಳಿಕೆ ಇಳಿಸಿ ಸಕ್ಕರೆ ನೀರು ಬಿಟ್ಟು ಎಬ್ಬಿಸುವುದು. ಹೀಗೆ ನಲವತ್ತು ಸಲ. ಎದ್ದವರು ತೆಪ್ಪಗೆ ಇರುತ್ತಿದ್ದರು. ತೆಪ್ಪಗಿರುವುದಕ್ಕೆ ಗುಣ ಎಂದು ಹೆಸರಿಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೇಳಬಲ್ಲವರೆಲ್ಲ ಬಡ್ತಿಯ ಸಾಲಿನಲ್ಲಿ ನಿಂತಿದ್ದರು.

ಆ ಎಪ್ಪತ್ತು ಹುಟ್ಟುವ ಬಗೆ ವಿಭಾಗದ ಟೈಪಿಸ್ಟಮ್ಮನಿಗೆ ಗೊತ್ತಿತ್ತು. ಚಿಕಿತ್ಸೆ ನಿಂತ ಮೇಲೆ ಮೂರು ವರ್ಷ, ವರ್ಷಕ್ಕೊಮ್ಮೆ ರೋಗಿಯ ಹೆಸರಿಗೆ ಒಂದು ಅಂಚೆ ಕಾರ್ಡು ಹೋಗುತ್ತಿತ್ತು: ತಾವು ಹೇಗಿದ್ದೀರಿ, ದಯವಿಟ್ಟು ತಿಳಿಸಿ. ಬಂದ ಉತ್ತರ ನೋಡಿ ಆ ರೋಗಿಯ ಹೆಸರಿನ ಚೀಟಿಯನ್ನು ‘ಗುಣ’ ಅಥವಾ ‘ಗುಣವಿಲ್ಲ’ ಎಂಬ ಡ್ರಾಯರಿಗೆ ಹಾಕಬೇಕು. ಉತ್ತರವೇ ಬಾರದಿದ್ದರೆ ಎಂದು ಅವಳು ಮೊದಲ ವರ್ಷವೇ ಕೇಳಿದ್ದಳು. ಕಾಯಿಲೆ ಮರುಕಳಿಸಿದ್ದರೆ ಬಂದು ಬಾಗಿಲು ಬಡಿಯುತ್ತಿದ್ದರಲ್ಲ, ಬಂದಿಲ್ಲವೆಂದರೆ ಚೆನ್ನಾಗಿದ್ದಾರೆಂದೇ ಅರ್ಥ ಎಂದು ಪ್ರೊಫೆಸರರು ನಕ್ಕಿದ್ದರು. ‘ಗುಣ’ದ ಡ್ರಾಯರು ಬೇಗ ಬೇಗ ತುಂಬಿತು.

ಒಂದು ಶನಿವಾರ ಹೊಲಿಗೆ ಕೆಲಸದ ಹೆಂಗಸೊಬ್ಬಳು ಪ್ರೊಫೆಸರರ ಕೋಣೆಗೆ ಬಂದಳು. ಅವಳ ತಂಗಿ ಐದು ವಾರದಿಂದ ಹೆಂಗಸರ ವಾರ್ಡಿನಲ್ಲಿದ್ದಳು. ಸೋಮವಾರದಿಂದ ತಂಗಿಗೂ ಇನ್ಸುಲಿನ್ ಶುರು. ಒಪ್ಪಿಗೆಯ ಕಾಗದಕ್ಕೆ ಅಕ್ಕನ ಸಹಿ ಬೇಕು, ಹೆತ್ತವರಿಲ್ಲ. ನಾಲ್ಕು ವರ್ಷದ ಹಿಂದೆ ಅಣ್ಣನ ಕಾಗದಕ್ಕೆ ಸಹಿ ಹಾಕಿದ್ದವಳೂ ಅವಳೇ. ಒಂಬತ್ತನೆಯ ಸೂಜಿಗೆ ಮಲಗಿದ ಅಣ್ಣ ಏಳಲಿಲ್ಲ.

ಪ್ರೊಫೆಸರರು ಒರಟರಲ್ಲ. ಕುರ್ಚಿ ತೋರಿಸಿದರು, ಗೋಡೆಯ ನಕ್ಷೆಯ ಮೇಲೆ ಕೋಲು ಆಡಿಸುತ್ತ ನೂರಕ್ಕೆ ಎಪ್ಪತ್ತನ್ನು ಸಾವಧಾನವಾಗಿ ಬಿಡಿಸಿ ಹೇಳಿದರು. ಅವಳು ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಳತೆ ನೋಡುವವಳಂತೆ ನಕ್ಷೆಯನ್ನು ನೋಡಿದಳು.

“ಇಲ್ಲೇ ತೀರ್ಕೊಂಡ ನಮ್ಮಣ್ಣ ಯಾವುದ್ರಲ್ಲಿದ್ದಾನೆ ಡಾಕ್ಟ್ರೇ? ಎಪ್ಪತ್ತರಲ್ಲೋ, ಮೂವತ್ತರಲ್ಲೋ?”

ಅವರಿಗೆ ಪ್ರಶ್ನೆ ಹಿಡಿಸಿತು. ವಿಜ್ಞಾನ ಸೋಲನ್ನು ಬಚ್ಚಿಡುವುದಿಲ್ಲ ಎಂದು ತೋರಿಸಲು ಒಳ್ಳೆಯ ಅವಕಾಶ. ಟೈಪಿಸ್ಟಮ್ಮನನ್ನು ಕರೆದು, ‘ಗುಣವಿಲ್ಲ’ದಿಂದ ಅಣ್ಣನ ಚೀಟಿ ತೆಗೆಯಲು ಹೇಳಿದರು. ಅವಳು ಎರಡು ಸಲ ಹುಡುಕಿದಳು. ಸಿಗಲಿಲ್ಲ. ಅರೆಗಳಿಗೆ ನಿಂತು, ಇನ್ನೊಂದು ಡ್ರಾಯರನ್ನು ಎಳೆದಳು. ಪ್ರೊಫೆಸರರು ಕೈ ಚಾಚಿದರು. ಅವಳು ಕೊಡದೆ ಗಟ್ಟಿಯಾಗಿ ಓದಿದಳು.

“ಒಂಬತ್ತು ಸಲ ಚಿಕಿತ್ಸೆ. ಮೂರು ಕಾರ್ಡು ಹಾಕಿದೆ, ಉತ್ತರವಿಲ್ಲ. ಗುಣ.”

ವಾರ್ಡಿನಲ್ಲಿ ಸತ್ತವರ ಹೆಸರು ಆಸ್ಪತ್ರೆಯ ರಿಜಿಸ್ಟರಿನಲ್ಲಿ. ಚೀಟಿಗಳು ವಿಭಾಗದ ಬೀರುವಿನಲ್ಲಿ. ಎರಡರ ನಡುವೆ ಇದ್ದದ್ದು ನಲವತ್ತು ಹೆಜ್ಜೆಯ ಅಂಗಳ. ಹನ್ನೊಂದು ವರ್ಷದಲ್ಲಿ ಇಷ್ಟು ಓದಿದ ಜನರಲ್ಲಿ ಒಬ್ಬರಿಗೂ ಆ ಅಂಗಳ ದಾಟಿ ಹೋಗಿ ನೋಡುವ ಪುರುಸೊತ್ತಾಗಲಿಲ್ಲ. ಹೆಣಗಳಿಗೆ ಕ್ಷೇಮ ಕೇಳಿ ಕಾರ್ಡು ಬರೆದರು. ಹೆಣ ಮಾತಾಡಲಿಲ್ಲವೆಂದು ಗುಣವಾಯಿತೆಂದರು. ಅದನ್ನು ಅಚ್ಚು ಹಾಕಿಸಿ ಶಾಲು ಹೊದ್ದುಕೊಂಡರು.

“ಆ ಕಾರ್ಡು ನಮ್ಮನೆಗೇ ಬಂದ್ವು,” ಎಂದಳು ಹೊಲಿಗೆಯವಳು. “ಏನಂತ ಬರೀಲಿ? ಮಿಷನ್ ಅಲುಗಾಡ್ತಿತ್ತು, ಮಡಚಿ ಅದರ ಕಾಲಿಗೆ ಕೊಟ್ಟೆ.”

ನೂರಾರು ಚೀಟಿಗಳಲ್ಲಿ ಒಂದು ತಪ್ಪಿದರೆ ಎಪ್ಪತ್ತು ಅಲ್ಲಾಡುವುದಿಲ್ಲ ಎಂದು ಪ್ರೊಫೆಸರರು ಸಮಾಧಾನ ಹೇಳಿದರು. ಅವಳು ಅವರನ್ನು ಬಿಟ್ಟು ಟೈಪಿಸ್ಟಮ್ಮನ ಕಡೆ ತಿರುಗಿದಳು.

“ಆ ಡ್ರಾಯರಲ್ಲಿ ಉತ್ತರ ಬರೀದೋರು ಎಷ್ಟು ಜನ ಇದ್ದಾರಮ್ಮಾ?”

“ಏನ್ರೀ, ನೀವಿನ್ನು ಹೋಗಿ,” ಎಂದು ಪ್ರೊಫೆಸರರು ಟೈಪಿಸ್ಟಮ್ಮನಿಗೆ ಹೇಳಿದರು.

“ಅರ್ಧಕ್ಕಿಂತ ಜಾಸ್ತಿ,” ಎಂದು ಹೇಳಿಯೇ ಟೈಪಿಸ್ಟಮ್ಮ ಹೋದಳು.

ಟೈಪಿಸ್ಟಮ್ಮನನ್ನು ಮರುವಾರವೇ ಉಗ್ರಾಣಕ್ಕೆ ವರ್ಗ ಮಾಡಿದರು. ಅಲ್ಲಿ ಹಾಸಿಗೆ ಬಟ್ಟೆಗಳ ಪಟ್ಟಿ ಟೈಪು ಮಾಡಬೇಕಿತ್ತು. ಪ್ರೊಫೆಸರರು ಮರುವರ್ಷ ಡೀನ್ ಆದರು. ಅವರ ಪ್ರಬಂಧಗಳ ಪುಸ್ತಕದ ಎರಡನೆಯ ಮುದ್ರಣದಲ್ಲಿ ಎಪ್ಪತ್ತು ಎಪ್ಪತ್ತೆರಡಾಯಿತು. ನಾಚಿಕೆ ಎಂಬುದು ಅಂಕಿಗಳಿಗೆ ಇರುವುದಿಲ್ಲ, ಬರೆದವರಿಗಾದರೂ ಇರಬೇಕಿತ್ತು.

ಆ ಶನಿವಾರ ಅಕ್ಕ ಒಪ್ಪಿಗೆಯ ಕಾಗದವನ್ನು ಮೇಜಿನ ಮೇಲೆ ಹಾಗೇ ಬಿಟ್ಟಳು. ವೈದ್ಯರ ಸಲಹೆ ಮೀರಿ ರೋಗಿಯನ್ನು ಕರೆದೊಯ್ಯುತ್ತಿದ್ದೇನೆ, ಮುಂದಿನದಕ್ಕೆ ನಾನೇ ಹೊಣೆ ಎಂಬ ಇನ್ನೊಂದು ಕಾಗದ ಕೊಟ್ಟರು. ಡಾಕ್ಟರರ ಹೊಣೆಗೆ ಅಂಥ ಕಾಗದ ಅಚ್ಚಾಗಿಯೇ ಇರಲಿಲ್ಲ. ಅವಳು ಸಹಿ ಹಾಕಿ, ತಂಗಿಯ ಬಟ್ಟೆಯ ಚೀಲ ಹಿಡಿದು ಹೊರಬಂದಳು.

ತಂಗಿಗೆ ಏನೂ ವಾಸಿಯಾಗಿರಲಿಲ್ಲ. ಯಾರೂ ಇಲ್ಲದ ಕಡೆ ನೋಡಿ ತಲೆಯಾಡಿಸುತ್ತ, ಆಗಾಗ ಅದಕ್ಕೆ ಬೈಯುತ್ತ ನಡೆದಳು. ಬಸ್ಸು ನಿಲ್ದಾಣದ ಹತ್ತಿರ ತಟ್ಟನೆ ನಿಂತು, ಅಣ್ಣ ಕೆಲಸದಿಂದ ವಾಪಸ್ ಬಂದನೇ ಎಂದು ಕೇಳಿದಳು. ನಾಲ್ಕು ವರ್ಷದಿಂದ ಕೇಳುತ್ತಿದ್ದಳು. ದೂರದ ಊರಲ್ಲಿ ಚೆನ್ನಾಗಿದ್ದಾನೆ ಎಂದು ಅಕ್ಕ ನಾಲ್ಕು ವರ್ಷದಿಂದ ಹೇಳುತ್ತಿದ್ದಳು. ಇವತ್ತು ಆ ಮಾತು ಬಾಯಿಗೆ ಬಂದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಬದುಕಿದ್ದಾನೆಂದು ತಾನೂ ಒಂದು ಸುಳ್ಳು ಚೀಟಿ ಬರೆದು ಮನೆಯಲ್ಲಿಟ್ಟುಕೊಂಡಿದ್ದೆನಲ್ಲ.

“ಅವ್ನು ಸತ್ತ ಕಣೇ. ಅಲ್ಲೇ, ಅವರ ಸೂಜಿಗೆ. ಸಹಿ ಹಾಕಿದ್ದು ನಾನು.”

ತಂಗಿ ಬಹಳ ಹೊತ್ತು ಅಕ್ಕನ ಕೈ ನೋಡಿದಳು.

“ನಂಗೂ ಹಾಕಿದ್ಯಾ?”

“ಇಲ್ಲ.”

ತಂಗಿ ರಸ್ತೆಯ ಅಂಚಿನಲ್ಲೇ ಕುಸಿದು ಕೂತು ಅಣ್ಣನಿಗಾಗಿ ಬೋರಾಡಿ ಅತ್ತಳು. ಹೋಗುವವರು ನಿಂತು ನೋಡಿದರು. ಅಕ್ಕ ಚೀಲ ಕೆಳಗಿಟ್ಟು ಅವಳ ಪಕ್ಕ ಕೂತಳು. ಬಸ್ಸು ಬಂತು, ಹೋಯಿತು.